ಕುಂಭದ್ರೋಣದಿಂದ ಉಪಗ್ರಹದವರೆಗೆ: ಮಳೆ ಅಳೆದವರ ಕಥೆ

2005ರ ಜುಲೈ 26. ಮುಂಬಯಿಯಲ್ಲಿ ಇರುವವರಿಗೆ ಈ ತಾರೀಖನ್ನು ಯಾರೂ ನೆನಪಿಸಬೇಕಾಗಿಲ್ಲ. ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರು, ಆಫೀಸಿನಲ್ಲೇ ರಾತ್ರಿ ಕಳೆದವರು, ಶಾಲೆಯಿಂದ ಮರಳದ ಮಕ್ಕಳಿಗಾಗಿ ಬಾಗಿಲಲ್ಲೇ ಕಾದು ಕೂತ ತಾಯಂದಿರು, ಒಬ್ಬೊಬ್ಬರದು ಒಂದೊಂದು ಕಥೆ. ಅಂದು ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಅದೇ ದಿನ, ಅದೇ ನಗರದ ಕೊಲಾಬಾದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್ ಮಾತ್ರ!

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಅಂದರೆ ಸಾಂತಾಕ್ರೂಜ್‌ನಲ್ಲಿ ಒಂದು ಚಾಪೆ ಹಾಸುವಷ್ಟು ಜಾಗದ ಮೇಲೆ 200 ಲೀಟರಿನ ಹೆಚ್ಚುಕಡಿಮೆ ಐದು ಡ್ರಮ್ಮು ನೀರು ಸುರಿಯಿತು. ಕೊಲಾಬಾದಲ್ಲಿ ಅಷ್ಟೇ ಜಾಗಕ್ಕೆ ನಾಲ್ಕೈದು ಬಕೆಟ್. ಆ ದಿನ ನಗರದಲ್ಲಿ ಕೊಲಾಬಾದ ಮಳೆಮಾಪಕ ಒಂದೇ ಇದ್ದಿದ್ದರೆ, ದಾಖಲೆಯಲ್ಲಿ ಅದು ಮಳೆಗಾಲದ ಒಂದು ಸಾಧಾರಣ ದಿನವಾಗಿ ಉಳಿದುಬಿಡುತ್ತಿತ್ತು.

ಮಳೆ ಅಳೆಯುವುದರ ಕಷ್ಟವೆಲ್ಲ ಇಲ್ಲೇ ಇದೆ. ಬಿಸಿಲು ಊರಿಗೆಲ್ಲ ಹೆಚ್ಚುಕಡಿಮೆ ಒಂದೇ. ಮಳೆ ಹಾಗಲ್ಲ, ಈ ಓಣಿಯಲ್ಲಿ ಸುರಿದು ಆ ಓಣಿಯನ್ನು ಬಿಡುತ್ತದೆ. ಇಂಥ ಮಳೆಯನ್ನು ಅಳೆಯಲು ಮನುಷ್ಯ ಪಾತ್ರೆಯಿಂದ ಶುರುಮಾಡಿ ಉಪಗ್ರಹದವರೆಗೆ ಹೋದ. ಆ ದಾರಿಯಲ್ಲಿ ಮುಖ್ಯವಾದ ತಿರುವುಗಳಲ್ಲಿ ಹೆಣ್ಣುಮಕ್ಕಳು ನಿಂತಿದ್ದಾರೆ. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಈ ಕಥೆ ಹೊಂದುತ್ತದೆ ಎನಿಸಿತು.

ಪಾತ್ರೆಯ ಕಾಲ

ಜೋರು ಮಳೆಗೆ ನಾವು ಕುಂಭದ್ರೋಣ ಮಳೆ ಎನ್ನುತ್ತೇವೆ. ಕುಂಭ, ದ್ರೋಣ ಎರಡೂ ನಮ್ಮ ಕೊಳಗ, ಖಂಡುಗಗಳ ಹಾಗೆ ಹಳೆಯ ಕಾಲದ ಅಳತೆಗಳು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಅಧಿಕಾರಿ ಉಗ್ರಾಣದ ಮುಂದೆ ಒಂದು ಮೊಳ ಅಗಲದ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂಬ ವಿಧಿ ಇದೆ. ಬಿತ್ತನೆ ಯಾವುದು, ಕಂದಾಯ ಎಷ್ಟು ಎಂಬ ಲೆಕ್ಕಕ್ಕೆ ಅದು ಬೇಕಿತ್ತು. ಒಣ ಸೀಮೆಗೆ ಹದಿನಾರು ದ್ರೋಣ, ಅವಂತಿಗೆ ಇಪ್ಪತ್ತಮೂರು ಎಂದು ಪ್ರದೇಶವಾರು ಮಳೆಯ ಪಟ್ಟಿಯನ್ನೇ ಅಲ್ಲಿ ಕೊಟ್ಟಿದೆ. ಅಪರಾಂತ, ಎಂದರೆ ಇಂದಿನ ಕೊಂಕಣ ಕರಾವಳಿಯ ವಿಷಯ ಬಂದಾಗ ಮಾತ್ರ ಅಂಕಿಯಿಲ್ಲ. ಅಲ್ಲಿಯ ಮಳೆಗೆ ಮಿತಿಯೇ ಇಲ್ಲ ಎಂದು ಬರೆದು ಬಿಟ್ಟಿದ್ದಾರೆ. ಸಾಂತಾಕ್ರೂಜ್‌ನ ಆ ದಿನವನ್ನು ಕಂಡವರು ಈ ಮಾತನ್ನು ಅತಿಶಯೋಕ್ತಿ ಎನ್ನಲಾರರು.

1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಊರೂರುಗಳಲ್ಲಿ ಮಳೆಮಾಪಕಗಳು ಕೂತವು. ಇಂದಿಗೂ ಬೆಳಿಗ್ಗೆ 8.30ಕ್ಕೆ ಓದಿದ ಅಂಕಿಯೇ ಹಿಂದಿನ 24 ಗಂಟೆಗಳ ಮಳೆ. ಆದರೆ ಸ್ವಾತಂತ್ರ್ಯ ಬರುವ ಹೊತ್ತಿಗೂ ನಮ್ಮ ಹವಾಮಾನ ಉಪಕರಣಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬರಬೇಕಿತ್ತು. ಅದನ್ನು ಬದಲಿಸಿದವರಲ್ಲಿ ಮುಖ್ಯರಾದವರು ಅಣ್ಣಾ ಮಣಿ.

ತಿರುವಾಂಕೂರಿನ ಪೀರ್‌ಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅಣ್ಣಾ ಮಣಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಬಳಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳ ಬಗ್ಗೆ ಸಂಶೋಧನೆ ಮಾಡಿ ಪ್ರಬಂಧ ಬರೆದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. 1945ರಲ್ಲಿ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಒಂದು ಮಾನಕ್ಕೆ ತಂದು, ಅವು ಇಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳೆಯುವುದಕ್ಕಿಂತ ಅಳೆಯದೆ ಇರುವುದೇ ಮೇಲು ಎಂಬಷ್ಟು ನಿಖರತೆಯ ಹಟ ಅವರದು.

1963ರಲ್ಲಿ ವಿಕ್ರಮ್ ಸಾರಾಭಾಯಿ ಅವರು ಕೇಳಿದಾಗ ತುಂಬಾದ ರಾಕೆಟ್ ಉಡಾವಣಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯ ಕಟ್ಟಿಕೊಟ್ಟವರೂ ಇವರೇ. ನಮ್ಮ ದೇಶದ ರಾಕೆಟ್ಟುಗಳು ಮೇಲೇರಲು ಶುರುಮಾಡಿದ ಜಾಗದಲ್ಲಿ ನೆಲದ ಮೇಲಿನ ಗಾಳಿ, ಮಳೆ ಅಳೆಯುವ ಕೆಲಸವೂ ಜೊತೆಗೇ ನಡೆಯಿತು. ಮುಂದಿನ ಕಥೆಗೆ ಇದು ನೆನಪಿರಲಿ.

ಮೋಡ ಕಂಡರೆ ಮಳೆ ಕಂಡಂತಲ್ಲ

ಪ್ರಪಂಚದ ಎಲ್ಲ ಮಳೆಮಾಪಕಗಳ ಬಾಯಿಗಳನ್ನು ಒಂದಕ್ಕೊಂದು ಜೋಡಿಸಿಟ್ಟರೂ ಒಂದು ಫುಟ್‌ಬಾಲ್ ಮೈದಾನ ತುಂಬುವುದಿಲ್ಲ. ಅದರಲ್ಲೂ ಅವು ಇರುವುದು ನೆಲದ ಮೇಲೆ. ಭೂಮಿಯ ಮಳೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬೀಳುವುದು ಸಮಭಾಜಕ ವೃತ್ತದ ಎರಡೂ ಬದಿಯ ಉಷ್ಣವಲಯದಲ್ಲಿ, ಮತ್ತು ಆ ವಲಯದ ಬಹುಭಾಗ ಸಮುದ್ರ. ಸಮುದ್ರದ ಮಧ್ಯೆ ಪಾತ್ರೆ ಇಡುವವರು ಯಾರು?

ಹಾಗಾಗಿ 1960ರ ಏಪ್ರಿಲ್ 1ರಂದು ಅಮೆರಿಕದ ಟೈರೋಸ್-1 ಉಪಗ್ರಹ ಮೇಲೇರಿ ಮೋಡಗಳ ಚಿತ್ರ ಕಳಿಸಿದಾಗ ಹವಾಮಾನ ವಿಜ್ಞಾನಿಗಳಿಗೆ ಹೊಸ ಕಣ್ಣು ಬಂದಂತಾಯಿತು. ಆ ಚಿತ್ರಗಳಿಂದ ನಮ್ಮ ಮುಂಗಾರಿನ ಗುಟ್ಟು ಬಿಡಿಸಿದವರಲ್ಲಿ ಒಬ್ಬರು ಸುಲೋಚನಾ ಗಾಡ್ಗೀಳ್. ಪುಣೆಯಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಮುಂಗಾರನ್ನು ಅಧ್ಯಯನ ಮಾಡಿದವರು. ಅವರೂ ಡಿ.ಆರ್. ಸಿಕ್ಕಾ ಅವರೂ 1973ರಿಂದ 1977ರವರೆಗಿನ ಉಪಗ್ರಹ ಚಿತ್ರಗಳನ್ನು ದಿನದಿನದಂತೆ ನೋಡಿ 1980ರಲ್ಲಿ ಒಂದು ಲೇಖನ ಬರೆದರು. ಮುಂಗಾರಿನ ದಟ್ಟ ಮೋಡದ ಪಟ್ಟಿಗೆ ಎರಡು ನೆಲೆಗಳಿವೆ: ಒಂದು ಕಾದ ನೆಲದ ಮೇಲೆ, ಇನ್ನೊಂದು ಸಮಭಾಜಕದ ಹತ್ತಿರದ ಬಿಸಿ ಸಮುದ್ರದ ಮೇಲೆ. ಸಮುದ್ರದ ಮೇಲೆ ಎದ್ದ ಪಟ್ಟಿ ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿದು ಬಂದು ನೆಲದ ಮೇಲಿನ ಮಳೆಗೆ ಮತ್ತೆ ಜೀವ ತುಂಬುತ್ತದೆ. ಮಳೆ ಬಿಡುವು ಕೊಟ್ಟು ಮತ್ತೆ ಹಿಡಿಯುವುದು ನಮ್ಮ ರೈತರಿಗೆ ತಲೆಮಾರುಗಳಿಂದ ಗೊತ್ತು. ಅದರ ಹಿಂದಿನ ಮೋಡದ ನಡಿಗೆ ಕಂಡದ್ದು ಆ ಚಿತ್ರಗಳಲ್ಲಿ. ಮುಂದೆ ಗಾಡ್ಗೀಳ್ ಅವರು ಪಾವಗಡ ಕಡೆಯ ಶೇಂಗಾ ಬೆಳೆಗಾರರ ಪ್ರಶ್ನೆಗಳನ್ನೂ ಕೈಗೆತ್ತಿಕೊಂಡು, ಮಳೆಯ ಹಳೆಯ ಅಂಕಿಗಳಿಂದ ಯಾವಾಗ ಬಿತ್ತಿದರೆ ಒಳ್ಳೆಯದೆಂದು ಲೆಕ್ಕ ಹಾಕಿದರು.

ಆದರೆ ಮೋಡದ ಚಿತ್ರದಿಂದ ಮಳೆ ಎಷ್ಟು ಎಂದು ಹೇಳುವುದು ಹೇಗೆ? ಅವಕೆಂಪು ಕಿರಣಗಳ ಕ್ಯಾಮೆರಾ ಮೋಡದ ನೆತ್ತಿಯ ತಾಪಮಾನ ತಿಳಿಸುತ್ತದೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಎತ್ತರವಿದ್ದಷ್ಟೂ ಮಳೆ ಜಾಸ್ತಿ ಎಂಬುದು ಒಂದು ಅಂದಾಜು. ಮುಚ್ಚಿದ ಪಾತ್ರೆಯ ಮುಚ್ಚಳ ಮುಟ್ಟಿ ನೋಡಿ ಒಳಗೆ ಸಾರು ಎಷ್ಟಿದೆ ಎಂದು ಹೇಳಿದ ಹಾಗೆ. ಎಷ್ಟೋ ಸಲ ಸರಿ ಬರುತ್ತದೆ, ಎಷ್ಟೋ ಸಲ ತಪ್ಪುತ್ತದೆ.

ಮುಚ್ಚಳದ ಒಳಗೆ ಇಣುಕಲು ಮೈಕ್ರೋವೇವ್ ಬೇಕಾಯಿತು. ಪ್ರತಿ ವಸ್ತುವೂ ಸಣ್ಣ ಪ್ರಮಾಣದಲ್ಲಿ ಮೈಕ್ರೋವೇವ್ ಸೂಸುತ್ತದೆ. ಸಮುದ್ರ ಸೂಸುವುದು ಕಡಿಮೆ, ಮಳೆಹನಿಗಳು ಸೂಸುವುದು ಹೆಚ್ಚು. ಆದ್ದರಿಂದ ಮೇಲಿನಿಂದ ನೋಡುವ ಉಪಕರಣಕ್ಕೆ ತಣ್ಣನೆಯ ಕಡಲಿನ ಮೇಲೆ ಮಳೆ ಬೆಚ್ಚಗೆ ಹೊಳೆದಂತೆ ಕಾಣುತ್ತದೆ. 1972ರ ಡಿಸೆಂಬರಿನಲ್ಲಿ ಹಾರಿದ ನಿಂಬಸ್-5 ಉಪಗ್ರಹದಿಂದ ಕಡಲಿನ ಮೇಲಿನ ಮಳೆಯ ನಕ್ಷೆಗಳು ಬಂದವು. ಬೆಂಗಳೂರಿನಲ್ಲಿ ಸಿದ್ಧವಾಗಿ 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಹಾರಿದ ನಮ್ಮ ಭಾಸ್ಕರ-1ರಲ್ಲೂ ಸಮೀರ್ ಎಂಬ ಮೈಕ್ರೋವೇವ್ ಉಪಕರಣವಿತ್ತು. ಕಡಲಿನ ಮೇಲಿನ ನೀರಾವಿಯನ್ನು ತಿಳಿಯುವುದು ಅದರ ಕೆಲಸಗಳಲ್ಲಿ ಒಂದು.

ನೆಲದ ಮೇಲೆ ಮಾತ್ರ ಈ ಉಪಾಯ ಸಾಗುವುದಿಲ್ಲ. ನೆಲವೂ ಜೋರಾಗಿಯೇ ಮೈಕ್ರೋವೇವ್ ಸೂಸುವುದರಿಂದ ಮಳೆಹನಿ ಬೇರೆಯಾಗಿ ಕಾಣುವುದಿಲ್ಲ. ಆಗ ಮೋಡದ ಮೇಲ್ಭಾಗದಲ್ಲಿರುವ ಹಿಮದ ಹರಳುಗಳನ್ನು ನೋಡಿ ಕೆಳಗಿನ ಮಳೆಯನ್ನು ಅಂದಾಜು ಮಾಡಬೇಕು. ಈ ಕೊರತೆ ನಮ್ಮ ಘಟ್ಟದಲ್ಲಿ ಏನು ಮಾಡಿತು ಎಂಬುದು ಮುಂದೆ ಬರುತ್ತದೆ.

ಮೋಡದ ಹಿಂದೆ ಹೋದ ಹೆಣ್ಣುಮಗಳು

ಮಳೆಯನ್ನೇ ಅಳೆಯಲೆಂದು ಒಂದು ಉಪಗ್ರಹ ಬೇಕು ಎಂದು ಹನ್ನೊಂದು ವರ್ಷ ದುಡಿದವರು ಅಮೆರಿಕದ ಜೊಯಾನ್ ಸಿಂಪ್ಸನ್. 1923ರಲ್ಲಿ ಬೋಸ್ಟನ್‌ನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಷಿಕಾಗೋದಲ್ಲಿ ಹವಾಮಾನಶಾಸ್ತ್ರ ಕಲಿತು, ಸೇನೆಯ ಯುವಕರಿಗೆ ಪಾಠ ಹೇಳಿದರು. ಯುದ್ಧ ಮುಗಿದ ಮೇಲೆ ಹೆಂಗಸರು ಮನೆಗೆ ಮರಳಲಿ ಎಂಬುದು ಎಲ್ಲರ ನಿರೀಕ್ಷೆ. ಇವರು ಪಿಎಚ್.ಡಿ. ಮಾಡುತ್ತೇನೆ ಎಂದಾಗ, ಈ ಶಾಸ್ತ್ರದಲ್ಲಿ ಯಾವ ಹೆಣ್ಣೂ ಆ ಪದವಿ ಪಡೆದಿಲ್ಲ, ಪಡೆದರೂ ಕೆಲಸ ಕೊಡುವವರಿಲ್ಲ ಎಂದು ಹಿರಿಯರು ಹೇಳಿದರು. ಉಷ್ಣವಲಯದ ಮೋಡಗಳ ಮೇಲೆ ಕೆಲಸ ಮಾಡುತ್ತೇನೆ ಎಂದಾಗ, ಅದು ಅಷ್ಟೇನೂ ಮುಖ್ಯವಲ್ಲದ ವಿಷಯ, ಹುಡುಗಿಗೆ ಸಾಕು ಎಂಬ ಧಾಟಿಯ ಮಾತೂ ಬಂತು. 1949ರಲ್ಲಿ ಅವರಿಗೆ ಪದವಿ ಬಂತು. ಹವಾಮಾನಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ ಅಮೆರಿಕದ ಮೊದಲ ಮಹಿಳೆ ಅವರು. ಇಲ್ಲಿ ಅಣ್ಣಾ ಮಣಿ ಅವರಿಗೆ ಅದೇ ಪದವಿ ತಪ್ಪಿ ಆಗ ನಾಲ್ಕು ವರ್ಷವಾಗಿತ್ತು.

ಆ "ಮುಖ್ಯವಲ್ಲದ" ಮೋಡಗಳು ಭೂಮಿಯ ಗಾಳಿಯನ್ನೇ ಓಡಿಸುವ ಒಲೆಗಳು ಎಂದು ತೋರಿಸಿದ್ದು ಸಿಂಪ್ಸನ್ ಅವರ ದೊಡ್ಡ ಕೆಲಸ. ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತದೆ, ಮೋಡದಲ್ಲಿ ಮತ್ತೆ ಹನಿಯಾಗುವಾಗ ಅದೇ ಶಾಖವನ್ನು ಬಿಟ್ಟುಕೊಡುತ್ತದೆ. ಇದೇ ಗುಪ್ತೋಷ್ಣ. 1958ರಲ್ಲಿ ಹರ್ಬರ್ಟ್ ರೀಲ್ ಅವರ ಜೊತೆ ಬರೆದ ಲೇಖನದಲ್ಲಿ, ಉಷ್ಣವಲಯದ ಈ ಶಾಖವನ್ನು ಆಕಾಶದ ಮೇಲ್ಪದರಕ್ಕೆ ಒಯ್ಯುವುದು ಗೋಪುರದಂಥ ಕೆಲವೇ ಭಾರಿ ಮೋಡಗಳು ಎಂದು ಲೆಕ್ಕ ಹಾಕಿದರು. ಇಡೀ ಉಷ್ಣವಲಯದಲ್ಲಿ ಒಂದು ಹೊತ್ತಿಗೆ 1,500ರಿಂದ 5,000 ಇದ್ದರೆ ಸಾಕು ಎಂಬುದು ಅವರ ಅಂದಾಜು. ವಿಮಾನದಲ್ಲಿ ಕೂತು ಮೋಡಗಳ ನಡುವೆ ಹಾರಿ, ಅವುಗಳ ಚಿತ್ರ ತೆಗೆದು ನಕ್ಷೆ ಮಾಡಿದ ಕೆಲಸ ಅದರ ಹಿಂದಿತ್ತು.

ಈ ಲೆಕ್ಕ ಪರೀಕ್ಷಿಸಲು ಒಂದೇ ದಾರಿ: ಉಷ್ಣವಲಯದಲ್ಲೆಲ್ಲ ಎಷ್ಟು ಮಳೆ ಬೀಳುತ್ತದೆ ಎಂದು ಅಳೆಯುವುದು. ಮಳೆ ಗೊತ್ತಾದರೆ ಬಿಡುಗಡೆಯಾದ ಶಾಖ ಗೊತ್ತಾಗುತ್ತದೆ. 1986ರಲ್ಲಿ ನಾಸಾ ಸಂಸ್ಥೆ ಅವರನ್ನು ಉಷ್ಣವಲಯದ ಮಳೆ ಅಳೆಯುವ ಟ್ರಿಮ್ ಯೋಜನೆಯ ವಿಜ್ಞಾನ ತಂಡದ ಮುಖ್ಯಸ್ಥೆಯಾಗಲು ಕೇಳಿತು. ಜಪಾನ್ ಕೈಜೋಡಿಸಿತು. 1997ರ ನವೆಂಬರ್ ಕೊನೆಯಲ್ಲಿ ಜಪಾನಿನ ತನೆಗಾಶಿಮಾ ದ್ವೀಪದಿಂದ ಟ್ರಿಮ್ ಹಾರಿದಾಗ ಸಿಂಪ್ಸನ್ ಅವರಿಗೆ 74 ವರ್ಷ.

ಟ್ರಿಮ್‌ನ ವಿಶೇಷ ಜಪಾನ್ ಮಾಡಿಕೊಟ್ಟ ರಾಡಾರ್. ಬಾಹ್ಯಾಕಾಶಕ್ಕೆ ಹೋದ ಮೊದಲ ಮಳೆ ರಾಡಾರ್ ಅದು. ಮಿಕ್ಕ ಉಪಕರಣಗಳು ಮಳೆಯಿಂದ ಬಂದದ್ದನ್ನು ನೋಡುತ್ತಾ ಕೂತರೆ, ಇದು ತಾನೇ ಅಲೆಯನ್ನು ಕಳಿಸಿ, ಹನಿಗಳಿಗೆ ತಗುಲಿ ಮರಳುವ ಪ್ರತಿಧ್ವನಿಯನ್ನು ಕೇಳುತ್ತಿತ್ತು. ಮರಳಲು ಹಿಡಿದ ಸಮಯದಿಂದ ಎತ್ತರ ತಿಳಿಯುತ್ತಿತ್ತು. ಹೀಗೆ ಮೋಡವನ್ನು 250 ಮೀಟರಿನ ಪದರ ಪದರವಾಗಿ ಬಿಡಿಸಿ ತೋರಿಸಿತು. ಸಮಭಾಜಕದ ಎರಡೂ ಬದಿಗೆ 35 ಡಿಗ್ರಿವರೆಗೆ ಓಡಾಡುತ್ತಿದ್ದುದರಿಂದ ಇಡೀ ಭಾರತ ಬಹುಮಟ್ಟಿಗೆ ಅದರ ದಾರಿಯಲ್ಲೇ ಇತ್ತು. ಒಂದೇ ಜಾಗವನ್ನು ಬೇರೆ ಬೇರೆ ದಿನ ಬೇರೆ ಬೇರೆ ಹೊತ್ತಿನಲ್ಲಿ ನೋಡುತ್ತಿದ್ದುದರಿಂದ ನೆಲದ ಮೇಲೆ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಮುದ್ರದ ಮೇಲೆ ಬೆಳಗಿನ ಜಾವ ಜೋರಾಗುವುದು ಸ್ಪಷ್ಟವಾಯಿತು. ಮುಂಗಾರಿನ ಭಾರಿ ಮಳೆ ಘಟ್ಟದ ಮೇಲೆ ಮಾತ್ರವಲ್ಲ, ದಡದಾಚೆ ಅರಬ್ಬೀ ಸಮುದ್ರದ ಮೇಲೂ ಪಟ್ಟಿಯಾಗಿ ಸುರಿಯುತ್ತದೆ ಎಂಬುದು ನಕ್ಷೆಯಲ್ಲಿ ಕಂಡಿತು. ಅಲ್ಲಿ ಪಾತ್ರೆ ಇಟ್ಟವರು ಅದುವರೆಗೆ ಯಾರೂ ಇರಲಿಲ್ಲ.

ಮೂರು ವರ್ಷಕ್ಕೆಂದು ಕಳಿಸಿದ ಈ ಉಪಗ್ರಹ 2004ರಲ್ಲೂ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆಗ ಅದನ್ನು ನಿಲ್ಲಿಸುವ ತೀರ್ಮಾನ ಬಂತು. ಉಳಿದ ಇಂಧನ ಬಳಸಿ ಸುರಕ್ಷಿತವಾಗಿ ಸಮುದ್ರಕ್ಕೆ ಬೀಳಿಸಬೇಕು ಎಂಬುದು ಒಂದು ವಾದ. ಅದು ಕಳಿಸುವ ಮಾಹಿತಿಯಿಂದ ಚಂಡಮಾರುತದ ಮುನ್ಸೂಚನೆ ಸುಧಾರಿಸಿ ಜೀವಗಳು ಉಳಿಯುತ್ತವೆ ಎಂಬುದು ಇನ್ನೊಂದು. ವಿಜ್ಞಾನಿಗಳೂ ಮುನ್ಸೂಚನೆ ನೀಡುವವರೂ ಗಟ್ಟಿಯಾಗಿ ಕೇಳಿದರು, ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿಯೂ ಮುಂದುವರಿಸಿ ಎಂದಿತು. ಟ್ರಿಮ್ ಉಳಿಯಿತು. ಹದಿನೇಳು ವರ್ಷಗಳ ಕೆಲಸ ಮುಗಿಸಿ 2015ರ ಜೂನ್‌ನಲ್ಲಿ ಹಿಂದೂ ಮಹಾಸಾಗರದ ಮೇಲೆ ಉರಿದುಹೋಯಿತು. ಮಳೆಯ ಸ್ವಭಾವ ಒಂದೆರಡು ವರ್ಷದ ಅಂಕಿಯಲ್ಲಿ ಸಿಗುವುದಿಲ್ಲ. ಕೊಂಡಿ ತಪ್ಪದಂತೆ ಬರೆದಿಟ್ಟ ದಾಖಲೆಗೇ ಬೆಲೆ. ಸಿಂಪ್ಸನ್ 2010ರಲ್ಲಿ ತೀರಿಕೊಂಡಾಗ ಅವರ ಉಪಗ್ರಹ ಇನ್ನೂ ಮೇಲೆ ಸುತ್ತುತ್ತಿತ್ತು.

ನಮ್ಮ ಮೇಘ

2011ರ ಅಕ್ಟೋಬರ್ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ರಾಕೆಟ್ ಹೊತ್ತೊಯ್ದದ್ದು ಭಾರತ ಮತ್ತು ಫ್ರಾನ್ಸ್ ಸೇರಿ ಮಾಡಿದ ಮೇಘಾ-ಟ್ರೋಪಿಕ್ಸ್. ಹೆಸರಿನ ಮೊದಲರ್ಧ ನಮ್ಮದು, ಉಷ್ಣವಲಯ ಎಂಬ ಅರ್ಥದ ಉಳಿದರ್ಧ ಫ್ರೆಂಚರದು. ಬೆಂಗಳೂರಿನಲ್ಲಿ ರೂಪುಗೊಂಡ ಈ ಉಪಗ್ರಹ 867 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕಕ್ಕೆ ಬರೀ 20 ಡಿಗ್ರಿ ವಾಲಿದ ಕಕ್ಷೆಯಲ್ಲಿ ಸುತ್ತಿತು. ಹಾಗಾಗಿ ಉಷ್ಣವಲಯದ ಒಂದೇ ಜಾಗವನ್ನು ದಿನಕ್ಕೆ ಹಲವು ಸಲ ನೋಡಲು ಸಾಧ್ಯವಾಯಿತು. ಗಂಟೆಗಳಲ್ಲಿ ಹುಟ್ಟಿ ಗಂಟೆಗಳಲ್ಲಿ ಸಾಯುವ ನಮ್ಮ ಮೋಡಗಳಿಗೆ ಅದು ಅಗತ್ಯ.

ಅದರಲ್ಲಿ ಮಳೆ ನೋಡುವ ಉಪಕರಣದ ಹೆಸರು ಮದ್ರಾಸ್. ಚೆನ್ನೈಯ ಸದಸ್ಯರಿಗೆ ನಗು ಬರಬಹುದು, ಅದು ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿ ಇಟ್ಟ ಹೆಸರು. ದುರದೃಷ್ಟಕ್ಕೆ ಯಾಂತ್ರಿಕ ದೋಷದಿಂದ 2013ರ ಜನವರಿಯಲ್ಲಿ ಅದು ನಿಂತುಹೋಯಿತು. ಗಾಳಿಯ ತೇವಾಂಶವನ್ನು ಪದರ ಪದರವಾಗಿ ಅಳೆಯುವ ಸಫೀರ್ ಉಪಕರಣ ವರ್ಷಗಟ್ಟಲೆ ದುಡಿದು ಆ ಕೊರತೆಯನ್ನು ಸ್ವಲ್ಪ ತುಂಬಿತು. 2023ರ ಮಾರ್ಚ್ 7ರಂದು ಇಸ್ರೋ ವಿಜ್ಞಾನಿಗಳು ಉಳಿದ ಇಂಧನವನ್ನು ಬಳಸಿ ಉಪಗ್ರಹವನ್ನು ಜೋಪಾನವಾಗಿ ಕೆಳಗಿಳಿಸಿ ಪೆಸಿಫಿಕ್ ಸಾಗರದ ಮೇಲೆ ಮುಗಿಸಿದರು.

ಅಷ್ಟರಲ್ಲಿ ಟ್ರಿಮ್‌ನ ಜಾಗಕ್ಕೆ ಜಿಪಿಎಂ ಬಂದಿತ್ತು. 2014ರ ಫೆಬ್ರವರಿ ಕೊನೆಗೆ ಅದೇ ತನೆಗಾಶಿಮಾದಿಂದ ಹಾರಿದ ಇದರಲ್ಲಿ ಎರಡು ತರಂಗಗಳ ರಾಡಾರ್ ಇದೆ, ತುಂತುರು ಮತ್ತು ಹಿಮವನ್ನೂ ಗುರುತಿಸಬಲ್ಲದು. ಅದರ ವಿಜ್ಞಾನ ತಂಡವನ್ನೂ ಒಬ್ಬ ಮಹಿಳೆ, ಗೇಲ್ ಸ್ಕೊಫ್ರಾನಿಕ್-ಜಾಕ್ಸನ್, ಮುನ್ನಡೆಸಿದರು. ಹಲವು ದೇಶಗಳ ಉಪಗ್ರಹಗಳ ಮಾಹಿತಿಯನ್ನು ಇದರ ಅಳತೆಗೆ ಹೊಂದಿಸಿ, ಅರ್ಧ ಗಂಟೆಗೊಂದರಂತೆ, ಹತ್ತು ಕಿಲೋಮೀಟರಿನ ಚೌಕಗಳಲ್ಲಿ ಲೋಕದ ಮಳೆಯ ನಕ್ಷೆ ಸಿದ್ಧವಾಗುತ್ತದೆ.

ಘಟ್ಟದ ಮುಂದೆ ಸೋತ ಕಣ್ಣು

ಇಷ್ಟೆಲ್ಲ ಆದ ಮೇಲೆ ಪಾತ್ರೆಯ ಕಾಲ ಮುಗಿಯಿತೆ? ಇಲ್ಲ, ಮತ್ತು ಅದನ್ನು ತೋರಿಸಿಕೊಟ್ಟದ್ದು ನಮ್ಮದೇ ಪಶ್ಚಿಮ ಘಟ್ಟ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯಂಥ ಜಾಗಗಳಲ್ಲಿ ಉಪಗ್ರಹದ ಅಂದಾಜು ಮಳೆಮಾಪಕಕ್ಕಿಂತ ಎಷ್ಟೋ ಕಡಿಮೆ ಬರುತ್ತಿತ್ತು. ಕಾರಣ ಹುಡುಕಿದಾಗ ತಿಳಿದದ್ದು ಇದು: ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಢಿಕ್ಕಿ ಹೊಡೆದು ಮೇಲೇರಿದಾಗ ಹುಟ್ಟುವ ಮೋಡಗಳಲ್ಲಿ ಬಹಳಷ್ಟು ಗಿಡ್ಡ ಮೋಡಗಳು. ಅವುಗಳ ನೆತ್ತಿ ಹಿಮಗಟ್ಟುವ ಎತ್ತರ ಮುಟ್ಟದೆಯೇ ಜಡಿ ಮಳೆ ಸುರಿಸುತ್ತವೆ. ಆದರೆ ನೆಲದ ಮೇಲಿನ ಮಳೆಗೆ ಮೈಕ್ರೋವೇವ್ ಹುಡುಕುವ ಗುರುತೇ ಹಿಮದ ಹರಳು. ಹರಳಿಲ್ಲದಿದ್ದರೆ ಮಳೆ ಇಲ್ಲ ಎಂದೇ ಅದರ ಲೆಕ್ಕ. ರಾಡಾರಿಗೂ ಗುಡ್ಡದ ಪ್ರತಿಧ್ವನಿ ಅಡ್ಡ ಬಂದು, ನೆಲಕ್ಕೆ ಹತ್ತಿರದ ಪದರ ಸರಿಯಾಗಿ ಕಾಣುವುದಿಲ್ಲ.

ಕೌಟಿಲ್ಯನ ಪಟ್ಟಿಯಲ್ಲಿ ಅಂಕಿಗೆ ಸಿಗದ ಈ ಪಡುವಣದ ಮಳೆ ಉಪಗ್ರಹದ ಕೈಗೂ ಪೂರ್ತಿ ಸಿಗಲಿಲ್ಲ. ತಪ್ಪು ಇದೆ ಎಂದು ಗೊತ್ತಾದದ್ದೇ ಕೆಳಗೆ ಒಂದು ಪಾತ್ರೆ ಇದ್ದುದರಿಂದ. ಆ ತಪ್ಪನ್ನು ನೋಡಿಯೇ ಗುಡ್ಡಗಾಡಿನ ಮಳೆಗೆ ಬೇರೆ ಲೆಕ್ಕದ ಕ್ರಮಗಳನ್ನು ಕಟ್ಟಿದರು. ಇಂದು ಹವಾಮಾನ ಇಲಾಖೆ ಮತ್ತು ನೋಯ್ಡಾದ ರಾಷ್ಟ್ರೀಯ ಮುನ್ಸೂಚನಾ ಕೇಂದ್ರ ತಯಾರಿಸುವ ದಿನದ ಮಳೆ ನಕ್ಷೆಯಲ್ಲಿ ಉಪಗ್ರಹದ ಅಂಕಿಯನ್ನು ಮಳೆಮಾಪಕದ ಅಂಕಿಯಿಂದ ತಿದ್ದುತ್ತಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾವಾಗಿಯೇ ಅಂಕಿ ಕಳಿಸುವ ಮಳೆಮಾಪಕಗಳು ಸಾವಿರಗಟ್ಟಲೆ ಇವೆ. ಸಮುದ್ರದ ಮೇಲೆ ಉಪಗ್ರಹವೇ ಗತಿ, ಘಟ್ಟದಲ್ಲಿ ಪಾತ್ರೆಯೇ ಸಾಕ್ಷಿ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳಲ್ಲಿ ಇಂದಿಗೂ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ಅಂಗಳದ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ರೂಢಿ ತಲೆಮಾರುಗಳದು. ಹೂಮಳೆ ಯಾವ ವರ್ಷ ಯಾವ ದಿನ ಎಷ್ಟು ಸೆಂಟ್ ಬಿತ್ತು ಎಂದು ಕೇಳಿದರೆ ಪುಟ ತಿರುವಿ ಹೇಳುತ್ತಾರೆ. ಅಂಥ ಪುಸ್ತಕ ನಿಮ್ಮ ತವರಿನಲ್ಲೋ ಅತ್ತೆಮನೆಯಲ್ಲೋ ಇದ್ದರೆ ರದ್ದಿಗೆ ಹಾಕಲು ಬಿಡಬೇಡಿ. ಅದು ಉಪಗ್ರಹಗಳ ಕಾಲಕ್ಕಿಂತ ಹಿಂದಿನ ಮಳೆಯ ದಾಖಲೆ. ಎಷ್ಟು ಕೋಟಿ ಖರ್ಚು ಮಾಡಿದರೂ ಹಿಂದೆ ಹೋಗಿ ಅದನ್ನು ಅಳೆದು ತರಲು ಆಗುವುದಿಲ್ಲ.

ಮುಂಬಯಿ, ಪುಣೆ, ಚೆನ್ನೈ, ದೆಹಲಿ, ಹೈದರಾಬಾದ್, ಎಲ್ಲೇ ಇರಲಿ, ಜೂನ್ ಬಂತೆಂದರೆ ಊರಿಗೆ ಫೋನ್ ಮಾಡಿ ನಾವು ಮೊದಲು ಕೇಳುವುದು "ಮಳೆ ಹೇಗಿದೆ?" ಎಂದು. ಈಗ ಮೊಬೈಲಿನಲ್ಲೇ ಉಪಗ್ರಹದ ಚಿತ್ರ ಸಿಗುತ್ತದೆ, ನೋಡೋಣ. ಆಮೇಲೆ ಊರಿಗೂ ಒಂದು ಫೋನ್ ಮಾಡೋಣ. ಅಂಗಳಕ್ಕೆ ಇಳಿದು ನೋಡಿ ಹೇಳುವವರ ಮಾತು ಆ ಚಿತ್ರಕ್ಕೂ ಬೇಕು.